ಬಾಗಿಲು ಚರ್ಚಿಗೆ ಬಂದ ಭಾನುವಾರ

ಅಮೋಸನ ಕೈ ಮುರಿದದ್ದು ಬಾಗಿಲು. ಪೊಲೀಸರ ವರದಿಯಲ್ಲಿ ಹಾಗೇ ಇದೆ: ‘ತಪಾಸಣೆಯ ಸಂದರ್ಭದಲ್ಲಿ ಚಾಲಕನ ಬಲಗೈಯು ವಾಹನದ ಬಾಗಿಲಿನ ಸಂಪರ್ಕಕ್ಕೆ ಬಂದಿರುತ್ತದೆ.’ ಒಂದು ಸಲವಲ್ಲ, ಮೂರು ಸಲ ಬಂದಿರುತ್ತದೆ. ಅಷ್ಟು ಹಟಮಾರಿ ಬಾಗಿಲನ್ನು ನಮ್ಮ ಕಾರ್ವರ್ ಬೆಂಡ್ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಆ ಬಾಗಿಲನ್ನು ಹಿಡಿದು ಬಡಿಯುತ್ತಿದ್ದ ಮನುಷ್ಯನೊಬ್ಬ ಇದ್ದನಲ್ಲ, ಅವನ ಬಗ್ಗೆ ವರದಿಯಲ್ಲಿ ಒಂದು ಮಾತೂ ಇಲ್ಲ.

ಅಮೋಸ್ ನಮ್ಮ ಗಿಲ್ಯಾದ್ ಗುಡ್ಡದ ಚರ್ಚಿನಲ್ಲಿ ಆರ್ಗನ್ ನುಡಿಸುವ ಹುಡುಗ. ಹುಡುಗ ಅನ್ನುವುದು ನಮ್ಮ ಅಭ್ಯಾಸ. ವಾರದ ದಿನಗಳಲ್ಲಿ ಅವನು ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ನಾನು ಅದೇ ಶಾಲೆಯ ಅಡುಗೆಮನೆಯಲ್ಲಿ ದುಡಿಯುವವಳು, ಭಾನುವಾರ ಅವನ ಆರ್ಗನ್ನಿನ ಪಕ್ಕ ನಿಂತು ಕೆಳಗಿನ ಸ್ವರದಲ್ಲಿ ಹಾಡುವವಳು. ಅವತ್ತು ಸಂಜೆ ಅವನು ನಮ್ಮ ಗಾಯಕರ ತಂಡದ ನೇರಳೆ ನಿಲುವಂಗಿಗಳನ್ನು ಒಗೆಯುವ ಅಂಗಡಿಯಿಂದ ತರುತ್ತಿದ್ದ. ಇಸ್ತ್ರಿ ಕೆಡಬಾರದೆಂದು ಹಿಂದಿನ ಸೀಟಿನ ಮೇಲೆ ನೇತುಹಾಕಿದ್ದ. ಪೊಲೀಸ್ ಕಾರು ದೀಪ ಹಾಕಿ ಅವನ ಕಾರನ್ನು ನಿಲ್ಲಿಸಿತು.

"ಹಿಂದೆ ಕೂತಿರೋರು ಯಾರು?" ಅಂದ ಪೊಲೀಸಿನವನು.

"ಯಾರೂ ಇಲ್ಲ ಸರ್. ನಿಲುವಂಗಿಗಳು."

"ತಲೆ ತಗ್ಗಿಸಿ ಕೂತಿದಾರಲ್ಲ!"

"ಅವಕ್ಕೆ ತಲೆ ಇಲ್ಲ ಸರ್."

ಈ ಉತ್ತರ ಉದ್ಧಟತನವಾಯಿತು. ಇಳಿ ಅಂದ. ಅಮೋಸ್ ಇಳಿಯಲು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟ. ಆಮೇಲಿನದು ಬಾಗಿಲಿನ ಕೆಲಸ. ಪೊಲೀಸಿನವನ ಎದೆಯ ಮೇಲಿದ್ದ ಕ್ಯಾಮೆರಾದಲ್ಲಿ ಚಾರ್ಜ್ ಇರಲಿಲ್ಲವಂತೆ. ಹೆಸರಿನ ಬಿಲ್ಲೆಯ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದ, ಶೋಕಾಚರಣೆಗಂತೆ. ಯಾರು ತೀರಿಕೊಂಡಿದ್ದರೋ ಇವತ್ತಿಗೂ ತಿಳಿದಿಲ್ಲ. ಆ ವಾರವೆಲ್ಲ ಊರಿನ ಅಷ್ಟೂ ಪೊಲೀಸರು ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದರು. ಅಮೋಸ್ ಅವನ ಮುಖ ಕಂಡ, ಹೆಸರು ಕಾಣಲಿಲ್ಲ.

ರೈಲು ಹಳಿಯ ಈ ಬದಿಯಲ್ಲಿರುವ ನಾವು ಕಪ್ಪು ಜನ. ನಮ್ಮಲ್ಲಿ ಇಂಥದ್ದು ನಡೆದರೆ ಯಾರೂ ‘ಹೌದಾ!’ ಅನ್ನುವುದಿಲ್ಲ. ‘ಯಾವ ರಸ್ತೆಯಲ್ಲಿ?’ ಅನ್ನುತ್ತಾರೆ, ಮಕ್ಕಳಿಗೆ ಆ ರಸ್ತೆ ಬೇಡ ಅಂತ ಹೇಳಬೇಕಲ್ಲ. ನಾನೂ ನನ್ನ ಮಗಳಿಗೆ ಹೇಳಿದೆ. ಅವಳಿಗೆ ಹೇಳಿ ಹೇಳಿ ಈಗ ಊರಿನಲ್ಲಿ ಉಳಿದ ರಸ್ತೆಗಳು ಶಾಲೆಗೂ ಹೋಗುವುದಿಲ್ಲ, ಮನೆಗೂ ಬರುವುದಿಲ್ಲ.

ಅಮೋಸನ ತಾಯಿ ವರ್ಲೀನಕ್ಕ ಮಾತ್ರ ರಸ್ತೆ ಕೇಳಲಿಲ್ಲ. ಹೆಸರು ಕೇಳಿದಳು. ಆಕೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದವಳು. ಊರಿನ ಅಷ್ಟೂ ಹೆಸರು ಆಕೆಯ ಕೈ ದಾಟಿಯೇ ಮನೆ ಸೇರುವುದು, ಈ ಒಂದನ್ನು ಬಿಟ್ಟು. ಪೊಲೀಸ್ ಕಚೇರಿಯಲ್ಲಿ ದೂರು ಕೊಡುವ ಕಿಟಕಿ ಇದೆ. ಮೊದಲ ಸಲ ನಾನೂ ಜೊತೆಗೆ ಹೋಗಿದ್ದೆ. ಕಿಟಕಿಯ ಹಿಂದೆ ತುಂಬ ಒಳ್ಳೆಯ ಹೆಂಗಸು. ಮಾತಿಗೆ ಮುಂಚೆ ಪೆಪ್ಪರ್‌ಮೆಂಟು ಕೊಟ್ಟಳು.

"ಯಾರ ಮೇಲೆ ದೂರು ಅಮ್ಮ? ಹೆಸರು ಹೇಳಿ."

"ಅದನ್ನೇ ಕೇಳೋಕೆ ಬಂದಿದೀನಿ."

"ಹೆಸರಿಲ್ದೆ ದೂರು ತಗೊಳ್ಳೋಕಾಗಲ್ಲ."

"ಸರಿ. ಹೆಸರು ಕೊಡಿ."

"ದೂರು ದಾಖಲಾಗದೆ ಹೆಸರು ಕೊಡೋಕಾಗಲ್ಲ."

"ಹಾಗಾದ್ರೆ ದೂರು ತಗೊಳ್ಳಿ."

"ಹೆಸರು ಹೇಳಿ ಅಮ್ಮ, ತಗೋತೀನಿ."

ವರ್ಲೀನಕ್ಕ ನನ್ನ ಕಡೆ ತಿರುಗಿದಳು. "ಡೆಲ್ಫೀನ್, ಈಕೆ ನನ್ನ ಗಿರಗಿಟ್ಲೆ ಆಡಿಸ್ತಿದಾಳಾ, ಇಲ್ಲ ನಂಗೇ ತಲೆ ಸುತ್ತುತ್ತಿದೆಯಾ?"

"ಇನ್ನೊಂದು ಪೆಪ್ಪರ್‌ಮೆಂಟು ತಗೊಳ್ಳಿ," ಅಂದಳು ಕಿಟಕಿಯವಳು, ನಿಜವಾದ ಕನಿಕರದಿಂದ.

ಎಷ್ಟು ಸಲ ಹೋದಳೋ. ಮನೆಯ ಬಟ್ಟಲು ಪೆಪ್ಪರ್‌ಮೆಂಟಿನಿಂದ ತುಂಬಿತು. ನಡುವೆ ನಗರಸಭೆಯಿಂದ ಅಮೋಸನಿಗೆ ಒಂದು ಪ್ರಶ್ನೆಪತ್ರಿಕೆ ಬಂತು: ‘ಇತ್ತೀಚೆಗೆ ನಮ್ಮ ಅಧಿಕಾರಿಯೊಡನೆ ನಡೆದ ಭೇಟಿ ನಿಮಗೆ ಎಷ್ಟು ತೃಪ್ತಿ ತಂದಿತು?’ ನಗುವ ಮುಖದಿಂದ ಅಳುವ ಮುಖದವರೆಗೆ ಐದು ಚಿತ್ರ, ಒಂದಕ್ಕೆ ಗುರುತು ಹಾಕಬೇಕು. ಅಮೋಸನ ಬಲಗೈಯೊಳಗೆ ಉಕ್ಕಿನ ಮೊಳೆಗಳಿದ್ದವು. ಎಡಗೈಯಲ್ಲಿ ಹಾಕಿದ ಗುರುತು ಎರಡು ಮುಖಗಳ ನಡುವೆ ಬಿತ್ತು. ‘ಸಾಧಾರಣ ತೃಪ್ತಿ’ ಎಂದು ಎಣಿಸಿದರು.

ಹೆಸರಿಲ್ಲದವನನ್ನು ಮನೆಯಲ್ಲಿ ಏನಂತ ಕರೆಯುವುದು? ವರದಿಯವರೇ ಒಂದು ಹೆಸರು ಕೊಟ್ಟಿದ್ದರಲ್ಲ. ‘ಬಾಗಿಲು’ ಅಂತಲೇ ಕರೆದೆವು. ‘ಬಾಗಿಲಿಗೆ ಸಂಬಳ ಬರ್ತಿದೆಯಂತೆ’, ‘ಬಾಗಿಲು ಬೇಸಿಗೆ ರಜೆಗೆ ಸಮುದ್ರಕ್ಕೆ ಹೋಗಿರಬೇಕು’ ಅಂತ ಊಟದ ಮೇಜಿನಲ್ಲಿ ಮಾತಾಡುತ್ತಿದ್ದೆವು. ಅಮೋಸ್ ನಗುತ್ತಿದ್ದ. ಆಮೇಲೆ ತಾಯಿ ಮಾಂಸ ಕತ್ತರಿಸಿ ಕೊಡಲಿ ಎಂದು ತಟ್ಟೆಯನ್ನು ಆಕೆಯ ಕಡೆ ಸರಿಸುತ್ತಿದ್ದ, ಆಗ ಯಾರೂ ನಗುತ್ತಿರಲಿಲ್ಲ.

ನಗರಸಭೆಗೂ ಮನಸ್ಸು ಕರಗಿತು ಅನ್ನಿ. ವಿಶ್ವಾಸ ಮರಳಿ ಕಟ್ಟುವ ವಿಭಾಗ ಎಂದು ಒಂದು ಕಚೇರಿ ತೆರೆದು ಮಿಸ್ ಟಾಲ್ಬಟ್ ಎಂಬ ಹುಡುಗಿಯನ್ನು ಕೂರಿಸಿದರು. ಆಕೆ ನಮ್ಮ ಪಾಸ್ಟರ್ ಗ್ರಿಯರರ ಬಳಿ ಬಂದಳು. ನಾನು, ವರ್ಲೀನಕ್ಕ, ಬಾಗಿಲು ಕಾಯುವ ಹೋಸಿಯಾ ತಾತ ಅಲ್ಲೇ ಇದ್ದೆವು. (ಇದು ನಿಜವಾದ ಬಾಗಿಲು, ಚರ್ಚಿನದು. ತಾತ ಬಿಳಿ ಕೈಗವಸು ಹಾಕಿ, ಒಂದು ಕೈ ಬೆನ್ನ ಹಿಂದೆ ಕಟ್ಟಿ, ಬಂದವರನ್ನು ಜಾಗಕ್ಕೆ ಕರೆದೊಯ್ಯುವವರು.)

"ವಾಸಿಯಾಗುವ ಭಾನುವಾರ ಅಂತ ಮಾಡೋಣ," ಅಂದಳು ಮಿಸ್ ಟಾಲ್ಬಟ್. "ಪೊಲೀಸ್ ಚೀಫ್ ಬರ್ತಾರೆ, ಅಧಿಕಾರಿಗಳು ಬರ್ತಾರೆ, ಟೀವಿ ಬರುತ್ತೆ."

"ಯಾರು ವಾಸಿಯಾಗಬೇಕು?" ಅಂದರು ತಾತ.

"ಎಲ್ಲರೂ."

"ಕೈ ಮುರಿದಿರೋದು ಒಬ್ಬಂದು ತಾಯಿ."

ಮಿಸ್ ಟಾಲ್ಬಟ್ ನಕ್ಕು ವಿವರಿಸಿದಳು. ಹೊಸ ನಿಯಮ ಬಂದಿದೆ. ಯಾವುದೇ ‘ಘಟನೆ’ಯಲ್ಲಿದ್ದ ಅಧಿಕಾರಿ ಜನರ ನಡುವೆ ಇಂತಿಷ್ಟು ಆಪ್ತತೆಯ ತಾಸುಗಳನ್ನು ಕಳೆಯಬೇಕು. ಕಳೆದರೆ ದಾಖಲೆ ಚೊಕ್ಕ. ಚರ್ಚು ಲೆಕ್ಕಕ್ಕೆ ಬರುತ್ತದೆ. "ನಿಮ್ಮಲ್ಲಿ ಆರಾಧನೆ ಎಷ್ಟು ಹೊತ್ತು?"

"ಮೂರು ತಾಸು," ಅಂದರು ತಾತ. "ಪಾಸ್ಟರಿಗೆ ಹುಮ್ಮಸ್ಸು ಬಂದ್ರೆ ಹೇಳಕ್ಕಾಗಲ್ಲ."

ಆಕೆಯ ಕಣ್ಣು ಅರಳಿತು. "ಮೂರು ತಾಸಾ! ಮೆಥಡಿಸ್ಟ್ ಚರ್ಚಿನವರು ಒಂದೇ ತಾಸಿಗೆ ಮುಗಿಸಿಬಿಡ್ತಾರೆ. ನಮ್ಮವರಿಗೆ ನಿಮ್ಮ ಚರ್ಚೇ ಸರಿ."

ವರ್ಲೀನಕ್ಕ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ನನ್ನ ಮಗನ ಕೈ ಮುರಿದೋನೂ ಬರ್ತಾನಾ?"

"ಅದು ಗೋಪ್ಯ ಅಮ್ಮ. ಆ ಹೆಸರು ನಮ್ಮ ವಿಭಾಗಕ್ಕೂ ಕೊಟ್ಟಿಲ್ಲ."

ಇದನ್ನು ನೆನಪಿಡಬೇಕು. ಗುಟ್ಟನ್ನು ಎಷ್ಟು ಭದ್ರವಾಗಿ ಮುಚ್ಚಿಟ್ಟಿದ್ದರೆಂದರೆ, ಯಾರನ್ನು ನಮ್ಮ ಚರ್ಚಿಗೆ ಕಳಿಸಬಾರದು ಅನ್ನುವುದು ಕಳಿಸುವವರಿಗೇ ಗೊತ್ತಿರಲಿಲ್ಲ.

ಆಮೇಲೆ ಮಿಸ್ ಟಾಲ್ಬಟ್ ಆರಾಧನೆಯ ಕ್ರಮವನ್ನು ನೋಡುತ್ತಾ ಬಂದಳು. ದೀರ್ಘ ಪ್ರಾರ್ಥನೆ ಬೇಡ, ಪ್ರಕಟಣೆಗಳು ಬೇಡ, ಟೀವಿಗೆ ಬೇಸರ. ‘ಅತಿಥಿಗಳ ಸ್ವಾಗತ’ ಅನ್ನುವಲ್ಲಿ ನಿಂತಳು. "ಅಯ್ಯೋ, ಎಷ್ಟು ಚಂದ! ಇದಂತೂ ಇರಲೇಬೇಕು. ಇದನ್ನ ಯಾರು ನಡೆಸ್ತಾರೆ?"

"ನಾನು," ಅಂದಳು ವರ್ಲೀನಕ್ಕ.

"ಇನ್ನೂ ಚಂದ! ತಾಯಿಯೇ ಸ್ವಾಗತಿಸೋದು! ನಿಮ್ಮ ಕೈಲಿ ಆಗುತ್ತಾ ಅಮ್ಮ?"

"ನನ್ನಮ್ಮ ಹೇಗೆ ಮಾಡ್ತಿದ್ರೋ ಹಾಗೇ ಮಾಡ್ತೀನಿ. ಒಂದಕ್ಷರ ಬದಲಾಯಿಸಲ್ಲ. ಆಗಬಹುದಾ?"

"ಖಂಡಿತ! ಸಹಜವಾಗಿರಲಿ," ಅಂತ ಮಿಸ್ ಟಾಲ್ಬಟ್ ಅದರ ಕೆಳಗೆ ಎರಡು ಗೆರೆ ಎಳೆದಳು. ಅದು ಹೇಗೆ ನಡೆಯುತ್ತದೆ ಅಂತ ಕೇಳಲಿಲ್ಲ. ಕೇಳಿದ್ದರೆ ನಾವು ಹೇಳುತ್ತಿದ್ದೆವು, ಅದರಲ್ಲಿ ಮುಚ್ಚುಮರೆ ಏನಿದೆ?

ಭಾನುವಾರ ಬಂತು. ಚರ್ಚು ತುಂಬಿತ್ತು. ಅಜ್ಜಿಯರ ಟೊಪ್ಪಿಗೆಗಳಿಂದ ಹಿಂದಿನವರಿಗೆ ಪೀಠ ಕಾಣುತ್ತಿರಲಿಲ್ಲ. ಶವಸಂಸ್ಕಾರದ ಅಂಗಡಿಯವರು ಹಂಚಿದ ಬೀಸಣಿಗೆಗಳು ಆಡುತ್ತಿದ್ದವು. ಚೀಫ್ ಬ್ರ್ಯಾನಿಗನ್ ಬಂದರು, ಹಿಂದೆ ಆರೇಳು ಪೊಲೀಸರು, ಸೂಟು ಹಾಕಿಕೊಂಡು, ಬೇರೆ ಯಾರದೋ ಮದುವೆಗೆ ಬಂದವರ ಹಾಗೆ. ಹೋಸಿಯಾ ತಾತ ಅವರನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ಕೈ ಬೀಸಣಿಗೆ ಕೊಟ್ಟರು. ಅವರಲ್ಲೊಬ್ಬ ತಾತನನ್ನೇ ಕೇಳಿದನಂತೆ, "ಮೂರು ತಾಸು ಗ್ಯಾರಂಟಿನಾ?"

ಅಮೋಸ್ ಎಡಗೈ ಮತ್ತು ಎರಡು ಕಾಲಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಮೇಲಿನ ಸ್ವರಗಳಿಲ್ಲದ ಹಾಡು, ಮಾಳಿಗೆಯಿಲ್ಲದ ಮನೆಯ ಹಾಗೆ. ನಾವು ಹಾಡಿ ತುಂಬಿಸುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಅದೂ ನಿಂತಿತು. ನಾನು ಬಗ್ಗಿ ನೋಡಿದೆ.

"ಚಿಕ್ಕಮ್ಮ," ಅಂದ ಅಮೋಸ್, ತುಟಿ ಅಲುಗಿಸದೆ. "ಬಾಗಿಲು ಬಂದಿದೆ."

"ಯಾವ ಬಾಗಿಲೋ?"

"ನಮ್ಮ ಬಾಗಿಲು. ಎರಡನೇ ಸಾಲು, ಗೋಡೆ ಪಕ್ಕ. ಕೆಂಪು ಟೈ."

ನೋಡಿದೆ. ನನ್ನ ಮಗಳ ಶಾಲೆಯ ಆಟದ ಮೇಷ್ಟ್ರ ಹಾಗಿದ್ದ. ಕೆಂಪು ಕಿವಿ, ಆಗಷ್ಟೇ ಕತ್ತರಿಸಿದ ಕೂದಲು. ರಾಕ್ಷಸನನ್ನು ನಿರೀಕ್ಷಿಸಿದ್ದೆನೋ ಏನೋ. ಬೀಸಣಿಗೆಯ ಮೇಲಿನ ಜಾಹೀರಾತು ಓದುತ್ತಿದ್ದ.

ನಿಲುವಂಗಿ ಎತ್ತಿಕೊಂಡು, ಒಂದು ಲೋಟ ನೀರು ಹಿಡಿದು, ಸ್ವಾಗತಕ್ಕೆ ಎದ್ದು ನಿಂತಿದ್ದ ವರ್ಲೀನಕ್ಕನ ಬಳಿ ಹೋದೆ. ಕಿವಿಯಲ್ಲಿ ಹೇಳಿದೆ. ಆಕೆ ನೀರು ಕುಡಿದಳು, ಪೂರ್ತಿ. ಲೋಟ ವಾಪಸು ಕೊಟ್ಟಳು. ಮೈಕಿನ ಮುಂದೆ ಹೋಗಿ ನಿಂತಳು.

"ನಮ್ಮ ಅತಿಥಿಗಳೇ, ದೇವರ ಮನೆಗೆ ಬಂದಿದ್ದೀರಿ. ನಮ್ಮಲ್ಲಿ ಯಾರೂ ಅಪರಿಚಿತರಾಗಿ ಬಂದು ಅಪರಿಚಿತರಾಗಿ ಹೋಗುವುದಿಲ್ಲ. ದಯವಿಟ್ಟು ಎದ್ದು ನಿಲ್ಲಿ. ಒಬ್ಬೊಬ್ಬರಾಗಿ ನಿಮ್ಮ ಹೆಸರು, ನಿಮ್ಮ ಊರಿನ ಚರ್ಚು, ನಮ್ಮಲ್ಲಿಗೆ ಬಂದ ಕಾರಣ ಹೇಳಿ."

ಒಂದಕ್ಷರ ಬದಲಾಗಿರಲಿಲ್ಲ. ಆಕೆಯ ಅಮ್ಮ ಹೀಗೇ ಹೇಳುತ್ತಿದ್ದರು, ಆ ಅಮ್ಮನ ಅಮ್ಮನೂ.

ಚೀಫ್ ಎದ್ದರು. ಮೈಕು ಕಂಡರೆ ಏಳುವ ಅಭ್ಯಾಸ ಅವರಿಗೆ. "ನಾನು ಡಗ್ಲಸ್ ಬ್ರ್ಯಾನಿಗನ್..." ಮುಗಿಸುವ ಮೊದಲೇ ಇಡೀ ಚರ್ಚು ಒಂದೇ ಉಸಿರಿನಲ್ಲಿ, "ಸ್ವಾಗತ, ಡಗ್ಲಸ್ ಬ್ರ್ಯಾನಿಗನ್!" ಅಂದಿತು. ಚೀಫ್ ಬೆಚ್ಚಿ, ಆಮೇಲೆ ಹಿಗ್ಗಿದರು. ತಾತ ಮೈಕನ್ನು ಮುಂದಿನವನ ಮುಂದೆ ಹಿಡಿದರು. ಹೆಸರು. "ಸ್ವಾಗತ!" ಇನ್ನೊಬ್ಬ. "ಸ್ವಾಗತ!" ಗೋಡೆ ಪಕ್ಕದವನ ಸರದಿ ಬಂತು.

"ನಾನು ಇವರ ಜೊತೆ ಬಂದವನು," ಅಂದ.

ತಾತ ಮೈಕು ಕದಲಿಸಲಿಲ್ಲ.

"ಹೆಸರು ಮಗಾ."

"ನಾನು... ಪೊಲೀಸ್ ವಿಭಾಗದವನು."

"ಅದು ನಿನ್ನ ಕೆಲಸ. ಹೆಸರು?"

ಚೀಫಿಗೆ ಈಗ ಏನೋ ಹೊಳೆಯಿತು. ಪಕ್ಕಕ್ಕೆ ತಿರುಗಿ ನೋಡಿದರು, ಕತ್ತು ಕೆಂಪಾಯಿತು. "ಅಮ್ಮ, ಮುಂದಿನ ಕಾರ್ಯಕ್ರಮಕ್ಕೆ ಹೋಗಬಹುದು."

"ಇಲ್ಲ ಚೀಫ್," ಅಂದಳು ವರ್ಲೀನಕ್ಕ. "ಅತಿಥಿಗಳು ನಿಂತಿರೋವಾಗ ನಾವು ಮುಂದೆ ಹೋಗಲ್ಲ. ಅದು ಮರ್ಯಾದೆ ಅಲ್ಲ."

ಇಲ್ಲಿ ನಮ್ಮ ಅಜ್ಜಿಯರ ಬಗ್ಗೆ ಹೇಳಬೇಕು. ಇವನೇ ಆ ಬಾಗಿಲು ಅಂತ ಅವರಿಗೆ ಗೊತ್ತೇ ಇಲ್ಲ. ಅವರಿಗೆ ಕಂಡದ್ದು ನಾಲ್ಕು ಜನರ ಮುಂದೆ ನಾಚಿಕೊಳ್ಳುವ ಒಬ್ಬ ಹುಡುಗ. ನಮ್ಮಲ್ಲಿ ಯಾರಾದರೂ ಹೆದರಿ ಮಾತು ನಿಲ್ಲಿಸಿದರೆ ಬಿಟ್ಟುಬಿಡುವುದಿಲ್ಲ, ಕೂತಲ್ಲಿಂದಲೇ ಧೈರ್ಯ ತುಂಬುತ್ತೇವೆ.

"ನಿಧಾನ ಹೇಳು ಕಂದಾ!"

"ಪರವಾಗಿಲ್ಲ, ಪರವಾಗಿಲ್ಲ!"

"ದೇವರಿಗೆ ಅವಸರವಿಲ್ಲ ಮಗಾ!"

"ಸಹಾಯ ಮಾಡು ಸ್ವಾಮೀ, ಬಾಯಿ ಬಿಡಿಸು!"

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಆರ್ಗನ್ ಮೆಲ್ಲಗೆ ನುಡಿಯುತ್ತಿರುತ್ತದೆ, ಸಂಕೋಚ ಮುಚ್ಚಿಹೋಗುತ್ತದೆ. ಅಮೋಸ್ ಎಡಗೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬೀಸಣಿಗೆಗಳ ಸದ್ದು ಬಿಟ್ಟರೆ ಏನೂ ಇಲ್ಲ. ಮಿಸ್ ಟಾಲ್ಬಟ್ ಟೀವಿಯವನಿಗೆ ನಿಲ್ಲಿಸು ಅಂತ ಕೈ ಅಡ್ಡ ಆಡಿಸುತ್ತಿದ್ದಳು. ಇದೆಂಥ ಮನಕಲಕುವ ಗಳಿಗೆ ಅಂದುಕೊಂಡ ಅವನು ಇನ್ನೂ ಹತ್ತಿರದಿಂದ ತೆಗೆಯತೊಡಗಿದ.

"ಬ್ರೆಟ್," ಅಂದ ಕೊನೆಗೆ.

"ಸ್ವಾಗತ, ಬ್ರೆಟ್!" ಅಂತ ಶುರುವಾದದ್ದನ್ನು ವರ್ಲೀನಕ್ಕ ಕೈಯೆತ್ತಿ ತಡೆದಳು. "ಪೂರ್ತಿ ಹೆಸರು. ಸ್ವಲ್ಪ ಜೋರಾಗಿ. ಹಿಂದಿನ ಸಾಲಿನ ಅಜ್ಜಿಯರಿಗೆ ಕೇಳಲ್ಲ."

"ಬ್ರೆಟ್ ಲ್ಯಾಟಿಮರ್."

"ಸ್ವಾಗತ, ಬ್ರೆಟ್ ಲ್ಯಾಟಿಮರ್!" ಚರ್ಚಿನ ಗಾಜುಗಳು ಅದುರಿದವು. ಇಂಥ ಕಷ್ಟದ ಬಾಯಿ ಬಿಡಿಸಿದೆವಲ್ಲ ಅನ್ನುವ ಖುಷಿಯಲ್ಲಿ ಅಜ್ಜಿಯರು ಚಪ್ಪಾಳೆ ತಟ್ಟಿದರು.

ವರ್ಲೀನಕ್ಕ ಒಂದು ಗಳಿಗೆ ಪೀಠವನ್ನು ಹಿಡಿದು ನಿಂತಳು. ಆಮೇಲೆ, ಅದೇ ಸ್ವಾಗತದ ಧ್ವನಿಯಲ್ಲಿ, "ಬ್ರೆಟ್ ಲ್ಯಾಟಿಮರ್, ಆರ್ಗನ್ ಮುಂದೆ ಕೂತಿರೋನು ನನ್ನ ಮಗ ಅಮೋಸ್. ನೀನು ಅವನನ್ನ ಮೊದಲೇ ಭೇಟಿ ಮಾಡಿದೀಯ. ಅವನ ಕೈ ಮುರಿದಿದ್ದು ಬಾಗಿಲು ಅಂತ ನಮಗೆ ಹೇಳಿದ್ರು. ಬಾಗಿಲಿಗೂ ಒಂದು ಹೆಸರಿದೆ ಅಂತ ಇವತ್ತು ಗೊತ್ತಾಯ್ತು," ಅಂದಳು.

ಚಪ್ಪಾಳೆ ಅಲ್ಲಲ್ಲೇ ಅಡಗಿತು. ಬೀಸಣಿಗೆಗಳೂ ನಿಂತವು.

ನಮ್ಮ ಕ್ರಮದಲ್ಲಿ ಇನ್ನೊಂದು ಬಾಕಿ ಇತ್ತು. ಹೆಸರು ಹೇಳಿದ ಅತಿಥಿಗೆ ಸಭೆಯವರು ಬಂದು ಬಲಗೈ ಕೊಡಬೇಕು. ಎಡಗೈ ಕೊಡುವ ಹಾಗಿಲ್ಲ. ಯಾರೂ ಏಳಲಿಲ್ಲ. ಅಮೋಸ್ ಎದ್ದ. ಆರ್ಗನ್ನಿನ ಮೆಟ್ಟಿಲಿಳಿದು ಎರಡನೇ ಸಾಲಿನವರೆಗೆ ನಡೆದು, ಪಟ್ಟಿ ಬಿಗಿದ ಬಲಗೈ ಚಾಚಿ ನಿಂತ. ಬೆರಳುಗಳು ಬಾಗುವುದಿಲ್ಲ, ಒಣಗಿದ ಕೈಗವಸಿನ ಹಾಗೆ ಚಾಚಿಕೊಂಡಿದ್ದವು. ಲ್ಯಾಟಿಮರ್ ತನ್ನ ಕೈ ಅರ್ಧ ಎತ್ತಿದ. ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ. ಅರ್ಧದಲ್ಲೇ ಉಳಿಯಿತು. ಅಮೋಸ್ ಅವಸರ ಮಾಡಲಿಲ್ಲ.

ಚೀಫ್ ಪೊಲೀಸರನ್ನು ಎಬ್ಬಿಸಿಕೊಂಡು ಹೊರಟರು. ಬಾಗಿಲಲ್ಲಿ ಹೋಸಿಯಾ ತಾತ ಒಬ್ಬೊಬ್ಬರಿಂದಲೂ ಬೀಸಣಿಗೆ ವಾಪಸು ಪಡೆದು, "ಇನ್ನೂ ಎರಡು ತಾಸು ಬಾಕಿ ಇತ್ತಲ್ಲ?" ಅಂದರು.

ಸೋಮವಾರ ಕಿಟಕಿಗೆ ನಾನೂ ಹೋದೆ. ಶಾಲೆಯ ಅಡುಗೆಮನೆಗೆ ಹೊಟ್ಟೆನೋವು ಅಂತ ಹೇಳಿ.

"ಯಾರ ಮೇಲೆ ದೂರು ಅಮ್ಮ?"

"ಬ್ರೆಟ್ ಲ್ಯಾಟಿಮರ್."

ಕಿಟಕಿಯವಳ ಕೈ ಪೆಪ್ಪರ್‌ಮೆಂಟಿನ ಡಬ್ಬಿಯ ಮೇಲೆ ನಿಂತಿತು. "ಈ ಹೆಸರು ನಿಮಗೆ ಯಾರು ಕೊಟ್ರು?"

"ಅವನೇ. ಟೀವಿ ಮುಂದೆ. ನಿಮ್ಮ ಚೀಫ್ ಪಕ್ಕದಲ್ಲೇ ನಿಂತಿದ್ರು."

ಒಳಗೆ ಹೋಗಿ ಬಹಳ ಹೊತ್ತು ಯಾರನ್ನೋ ಕೇಳಿ ಬಂದಳು. ಇಂಥದ್ದಕ್ಕೆ ಇರಬೇಕಾದ ನಿಯಮವನ್ನು ಯಾರೂ ಇನ್ನೂ ಬರೆದಿರಲಿಲ್ಲ. ದೂರು ತೆಗೆದುಕೊಂಡಳು. ಮೊಹರು ಬಡಿದ ಸದ್ದಿಗೆ ವರ್ಲೀನಕ್ಕ ಬೆಚ್ಚಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು, ಆಮೇಲೆ ಮೂಗು ಒರೆಸಿಕೊಂಡು, "ಆ ಸುಡುಗಾಡು ಪೆಪ್ಪರ್‌ಮೆಂಟು ಇವತ್ತು ಕೊಡಲೇ ಇಲ್ಲ ನೋಡು," ಅಂದಳು.

ಪೊಲೀಸ್ ವಿಭಾಗ ತಪ್ಪಿನಿಂದ ಪಾಠ ಕಲಿಯಿತು. ಅಧಿಕಾರಿಗಳು ಚರ್ಚುಗಳಿಗೆ ಹೋಗಕೂಡದು ಎಂದು ಆದೇಶ ಬಂತು. ಆಪ್ತತೆಯ ತಾಸುಗಳನ್ನು ಈಗ ಪಕ್ಕದ ಪಟ್ಟಣದ ಮೀನುಗಳ ಗಾಜಿನ ಮನೆಯಲ್ಲಿ ಕಳೆಯುತ್ತಾರೆ. ಮೀನುಗಳು ಹೆಸರು ಕೇಳುವುದಿಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ವಿಚಾರಣೆ ಬಂತು. ನಗರಸಭೆಯ ಸಣ್ಣ ಕೋಣೆ. ಖಾಲಿ ಇರುತ್ತದೆ ಅಂದುಕೊಂಡಿದ್ದರೋ ಏನೋ. ನಮ್ಮ ಅಜ್ಜಿಯರು ಬೆಳಗಿನಿಂದಲೇ ಟೊಪ್ಪಿಗೆ ಸಮೇತ ಬಂದು ಕೂತಿದ್ದರು. ಗೋಡೆಗೆ ಒರಗಿ ನಿಂತವರೂ ಇದ್ದರು. ಬಾಗಿಲಲ್ಲಿ ಹೋಸಿಯಾ ತಾತ, ಬಿಳಿ ಕೈಗವಸು, ಒಂದು ಕೈ ಬೆನ್ನ ಹಿಂದೆ. ಅವರಿಗೆ ಅಲ್ಲಿ ನಿಲ್ಲಲು ಯಾರೂ ಹೇಳಿರಲಿಲ್ಲ, ಬೇಡ ಅನ್ನಲೂ ಯಾರಿಗೂ ಧೈರ್ಯವಿರಲಿಲ್ಲ. ವರ್ಲೀನಕ್ಕ ಮತ್ತು ಅಮೋಸ್ ಮುಂದಿನ ಸಾಲಿನಲ್ಲಿದ್ದರು. ಅಮೋಸ್ ಬಲಗೈಯ ಕಿರುಬೆರಳನ್ನು ಮೇಜಿನ ಅಂಚಿನ ಮೇಲೆ ಮೆಲ್ಲಗೆ ಬಾಗಿಸಿ ನೋಡುತ್ತಿದ್ದ, ವೈದ್ಯರು ಹೇಳಿಕೊಟ್ಟ ಹಾಗೆ.

ವಿಚಾರಣೆಯ ಅಧಿಕಾರಿ ಕನ್ನಡಕ ಏರಿಸಿದರು. "ಎದ್ದು ನಿಂತು ದಾಖಲೆಗಾಗಿ ನಿಮ್ಮ ಪೂರ್ತಿ ಹೆಸರು ಹೇಳಿ."

ಅವನು ಎದ್ದ. "ಬ್ರೆಟ್ ಲ್ಯಾಟಿಮರ್."

ಅಭ್ಯಾಸ ನೋಡಿ. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ, ದೇವರಾಣೆ.

"ಸ್ವಾಗತ, ಬ್ರೆಟ್ ಲ್ಯಾಟಿಮರ್!"

ಅಧಿಕಾರಿ ಸುತ್ತಿಗೆ ಬಡಿದರು. ಗದ್ದಲ ಮಾಡಿದರೆ ಹೊರಗೆ ಹಾಕಬೇಕಾಗುತ್ತದೆ ಅಂದರು. ಅಜ್ಜಿಯರು ನಾಚಿಕೊಂಡು ಬಾಯಿಗೆ ಕೈ ಇಟ್ಟುಕೊಂಡರು. ನಗು ಒತ್ತಿಹಿಡಿದ ನನಗೆ ಪಕ್ಕೆ ನೋವು.

"ಸರಿ," ಅಂದರು ಅಧಿಕಾರಿ. "ಆ ಸಂಜೆ ಏನಾಯ್ತು, ನಿಮ್ಮ ಮಾತಿನಲ್ಲಿ ಹೇಳಿ."

ಲ್ಯಾಟಿಮರ್ ವಕೀಲನ ಮುಖ ನೋಡಿದ. ನೆಲ ನೋಡಿದ. ಅಮೋಸನ ಕೈ ನೋಡಿದ.

"ಬಾಗಿಲು..." ಅಂತ ಶುರು ಮಾಡಿ, ಅಲ್ಲೇ ನಿಂತುಬಿಟ್ಟ.

ನನ್ನ ಮುಂದೆ ವರ್ಲೀನಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. ಹಿಂದಿನ ಬಾಗಿಲಿನಿಂದ ಹೋಸಿಯಾ ತಾತನ ದನಿ ಬಂತು, ಗದ್ದಲ ಅನ್ನಿಸದಷ್ಟು ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ.

"ನಿಧಾನ ಹೇಳು ಮಗಾ. ನಾವೆಲ್ಲೂ ಹೋಗಲ್ಲ."